ಜಾಮೀನು ಸಿಕ್ಕವನು ‘ಅಕ್ವಿಟೆಡ್’ ಅಲ್ಲ

ಪ್ರಶ್ನೆ: ಇಂಗ್ಲಿಷ್‌ನಲ್ಲಿ ಅಪರಾಧ ಸುದ್ದಿ ಬರೆಯುವುದನ್ನು ಕಲಿಯುತ್ತಿದ್ದೇನೆ. ಎಫ್‌ಐಆರ್ ದಾಖಲಾದವನನ್ನು ‘ಕ್ರಿಮಿನಲ್’ ಎನ್ನಬಹುದೇ? ಜಾಮೀನು ಪಡೆದವನಿಗೆ ‘ಅಕ್ವಿಟೆಡ್’ (ಖುಲಾಸೆಯಾದವನು) ಸರಿಯೇ?

ಎರಡೂ ತಪ್ಪು, ಮತ್ತು ಇಂತಹ ತಪ್ಪು ಒಬ್ಬ ಮನುಷ್ಯನ ಮಾನವನ್ನೇ ಕಳೆಯಬಲ್ಲದು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದಕ್ಕೆ ಉದ್ದುದ್ದ ಪದಪಟ್ಟಿಗಳನ್ನು ಬಾಯಿಪಾಠ ಮಾಡಿಸುವ ಸ್ಪೋಕನ್ ಇಂಗ್ಲಿಷ್ ತರಗತಿಗಳೇ ಕಾರಣವೆಂದು ನಾನು ನಂಬಿದ್ದೇನೆ. ಯಾವ ಪದ ಪ್ರಕರಣದ ಯಾವ ಹಂತಕ್ಕೆ ಸೇರಿದ್ದೆಂಬುದನ್ನು ಅಲ್ಲಿ ಹೇಳಿಕೊಡುವುದಿಲ್ಲ.

ಪೊಲೀಸರ ಅನುಮಾನಕ್ಕೆ ಒಳಗಾದವನು ‘ಸಸ್ಪೆಕ್ಟ್’, ಆರೋಪ ಹೊತ್ತವನು ‘ಅಕ್ಯೂಸ್ಡ್’; ನ್ಯಾಯಾಲಯವು ತಪ್ಪಿತಸ್ಥನೆಂದು ತೀರ್ಮಾನಿಸಿದ ಮೇಲಷ್ಟೇ ‘ಕನ್ವಿಕ್ಟ್’. ತನಿಖೆ ಮುಗಿಸಿ ಚಾರ್ಜ್‌ಶೀಟ್ ಸಲ್ಲಿಸುವುದು ಪೊಲೀಸರ ಕೆಲಸವಾದರೆ, ‘ಚಾರ್ಜ್ ಫ್ರೇಮ್’ ಮಾಡುವುದು, ಅಂದರೆ ದೋಷಾರೋಪಣೆ ಹೊರಿಸುವುದು, ನ್ಯಾಯಾಲಯದ ಕೆಲಸ. ಇಲ್ಲಿ ವಿಶೇಷ ಎಚ್ಚರ ಬೇಕು: ‘ದ ಪೊಲೀಸ್ ಫ್ರೇಮ್ಡ್ ಹಿಮ್’ ಎಂದು ಬರೆದರೆ, ಪೊಲೀಸರು ಅವನನ್ನು ಸುಳ್ಳು ಪ್ರಕರಣದಲ್ಲಿ ಸಿಲುಕಿಸಿದರೆಂದೇ ಅರ್ಥವಾಗುತ್ತದೆ.

ಜಾಮೀನಿಗೂ ನಿರ್ದೋಷಿತ್ವಕ್ಕೂ ಸಂಬಂಧವಿಲ್ಲ. ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ತನಿಖೆ ಮುಗಿಯದಿದ್ದರೆ ಬಂಧನದಲ್ಲಿರುವ ಆರೋಪಿಗೆ ಜಾಮೀನು ಕೇಳುವ ಹಕ್ಕು ಒದಗುತ್ತದೆ; 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ (ಬಂಧನ, ತನಿಖೆ, ವಿಚಾರಣೆಗಳ ವಿಧಾನವನ್ನು ಹೇಳುವ ಹೊಸ ಕಾನೂನು) ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಈ ನಿಯಮವನ್ನು ಉಳಿಸಿಕೊಂಡಿದೆ. ಹಾಗೆ ಹೊರಬಂದವನ ಮೇಲಿನ ಪ್ರಕರಣ ಮುಂದುವರಿಯುತ್ತಲೇ ಇರುತ್ತದೆ. ‘ಡಿಸ್‌ಚಾರ್ಜ್’ ಕೂಡ ಖುಲಾಸೆಯಲ್ಲ: ಆರೋಪ ಹೊರಿಸಲು ಸಾಕಷ್ಟು ಆಧಾರವಿಲ್ಲವೆಂದು ವಿಚಾರಣೆಗೆ ಮುನ್ನವೇ ಕೈಬಿಡುವುದು ಅದು. ಪೂರ್ಣ ವಿಚಾರಣೆಯ ನಂತರ ನಿರ್ದೋಷಿಯೆಂದು ಬಿಡುಗಡೆ ಮಾಡಿದರೆ ಮಾತ್ರ ‘ಅಕ್ವಿಟಲ್’, ಮತ್ತು ಆ ತೀರ್ಪು ಊರ್ಜಿತದಲ್ಲಿರುವವರೆಗೆ ಅದೇ ಅಪರಾಧಕ್ಕೆ ಅವನನ್ನು ಮತ್ತೆ ವಿಚಾರಣೆಗೆ ಒಳಪಡಿಸುವಂತಿಲ್ಲ. ಆದೇಶದ ಪ್ರತಿಯನ್ನು ಕಣ್ಣಾರೆ ಓದುವವರೆಗೆ ನಾನು ‘ಅಕ್ಯೂಸ್ಡ್’ ಎಂಬ ಪದವನ್ನು ಬಿಟ್ಟು ಕದಲುವುದಿಲ್ಲ, ನೀವೂ ಕದಲಬೇಡಿ.

ಪ್ರಶ್ನೆ: ‘ಥೆಫ್ಟ್’, ‘ರಾಬರಿ’, ‘ಡಕಾಯ್ಟಿ’ ಒಂದೇ ಅಲ್ಲವೇ?

ಅಲ್ಲ. ಕಳ್ಳತನ, ಸುಲಿಗೆ, ದರೋಡೆ ಎಂಬ ಮೂರು ಪದಗಳು ಕನ್ನಡದಲ್ಲೇ ಇವೆ. ಐದು ಅಥವಾ ಹೆಚ್ಚು ಮಂದಿ ಸೇರಿ ಸುಲಿಗೆ ಮಾಡಿದರೆ ಅದು ದರೋಡೆ.

ಪ್ರಶ್ನೆ: ನ್ಯಾಯಾಧೀಶರನ್ನು ‘ಮೈ ಲಾರ್ಡ್’ ಎಂದೇ ಕರೆಯಬೇಕೇ?

ಬೇಕಿಲ್ಲ. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಲ್ಲಿ ‘ಯುವರ್ ಆನರ್’, ಕೆಳ ನ್ಯಾಯಾಲಯಗಳಲ್ಲಿ ‘ಸರ್’ ಸಾಕೆಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ಹೇಳಿದೆ.

ಪ್ರಶ್ನೆ: ಗಲ್ಲಿಗೇರಿಸಿದ್ದಕ್ಕೆ ‘ಹಂಗ್’ ಎನ್ನಬೇಕೋ, ‘ಹ್ಯಾಂಗ್ಡ್’ ಎನ್ನಬೇಕೋ?

‘ಹ್ಯಾಂಗ್ಡ್’. ಗೋಡೆಗೆ ತೂಗುಹಾಕಿದ ಪಟಕ್ಕೆ ‘ಹಂಗ್’.