ಅಮೆರಿಕದ ದೇವಸ್ಥಾನವೊಂದು ಅರ್ಚಕರಾಗಿ ಕರೆದಿದೆ, ನನಗೆ ಪದವಿ ಇಲ್ಲ. ಗ್ರೀನ್ ಕಾರ್ಡಿಗೆ ಏನೇನು ದಾಖಲೆ ಬೇಕು?

ಪದವಿಯ ಚಿಂತೆ ಬಿಡಿ. ಧಾರ್ಮಿಕ ಕೆಲಸಗಾರರಿಗಿರುವ ಇಬಿ-4 ವರ್ಗದಲ್ಲಿ ಡಿಗ್ರಿಯನ್ನೂ ಕೇಳುವುದಿಲ್ಲ, ಲೇಬರ್ ಸರ್ಟಿಫಿಕೇಷನ್ನೂ (ಈ ಕೆಲಸಕ್ಕೆ ಅಲ್ಲಿನವರು ಸಿಗುತ್ತಿಲ್ಲ ಎಂಬ ಅಮೆರಿಕದ ಕಾರ್ಮಿಕ ಇಲಾಖೆಯ ದೃಢೀಕರಣ) ಬೇಕಿಲ್ಲ. ಕೇಳುವುದು ಎರಡು ವರ್ಷದ ಲೆಕ್ಕ. ಐ-360 ಎಂಬ, ಗ್ರೀನ್ ಕಾರ್ಡಿನ ಮೊದಲ ಹಂತದ ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ ಪೂರ್ತಿ 2 ವರ್ಷ ನೀವು ಎಡೆಬಿಡದೆ ಸಂಭಾವನೆ ಪಡೆದು ಧಾರ್ಮಿಕ ಕೆಲಸ ಮಾಡಿರಬೇಕು, ಅಷ್ಟೂ ಕಾಲ ಅದೇ ಸಂಪ್ರದಾಯಕ್ಕೆ ಸೇರಿದವರಾಗಿರಬೇಕು.

ನಮ್ಮ ಕಡೆಯ ಅರ್ಚಕರಿಗೆ ಕಷ್ಟವಾಗುವುದು ಇಲ್ಲೇ. ಕೆಲಸ ಮಾಡಿರುತ್ತಾರೆ, ಕಾಗದ ಇರುವುದಿಲ್ಲ. ಮುಜರಾಯಿ ತಸ್ತೀಕು ಬಿಟ್ಟರೆ ಉಳಿದದ್ದು ಮಂಗಳಾರತಿ ತಟ್ಟೆಯ ಕಾಸು, ಮನೆ ಹೋಮಗಳ ದಕ್ಷಿಣೆ. ತಟ್ಟೆಗೆ ಬಿದ್ದ ದುಡ್ಡಿಗೆ ರಸೀದಿ ಎಲ್ಲಿಂದ ತರುತ್ತೀರಿ? ಆದ್ದರಿಂದ ಈ ತಿಂಗಳಿಂದಲೇ ಆಡಳಿತ ಮಂಡಳಿಯ ನೇಮಕಾತಿ ಪತ್ರ ಪಡೆಯಿರಿ, ಸಂಬಳ ಬ್ಯಾಂಕ್ ಖಾತೆಗೇ ಬರಲಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ. ಇರಲು ಮನೆ, ಎರಡು ಹೊತ್ತಿನ ಊಟ ದೇವಸ್ಥಾನದ್ದಾದರೆ ಅದೂ ಸಂಭಾವನೆಯೇ; ಪತ್ರದಲ್ಲಿ ಬರೆಸಿ. ಹಿಂದಿನ ತಾರೀಕು ಹಾಕಿ ಪತ್ರ ಸೃಷ್ಟಿಸುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಸಿಕ್ಕಿಬಿದ್ದರೆ ಮುಂದಿನ ಎಲ್ಲ ವೀಸಾಗಳಿಗೂ ಕುತ್ತು.

ಇನ್ನು ಅರ್ಹತೆ. ಅರ್ಚಕರು 'ಮಿನಿಸ್ಟರ್' (ಮಂತ್ರಿ ಅಲ್ಲ, ಪೂಜೆ ನಡೆಸುವ ಧರ್ಮಾಧಿಕಾರಿ) ಎಂಬ ವಿಭಾಗಕ್ಕೆ ಬರುತ್ತಾರೆ. ವೇದ ಪಾಠಶಾಲೆಯ ಪ್ರಮಾಣಪತ್ರ, ಆಗಮ ಪರೀಕ್ಷೆಯ ಅಂಕಪಟ್ಟಿ, ಗುರುಗಳ ಅಥವಾ ಮಠದ ಪತ್ರ ಸೇರಿಸಿ. ನಿಮ್ಮ ಸಂಪ್ರದಾಯದಲ್ಲಿ ಅರ್ಚಕರಾಗಲು ಏನೇನು ಕಲಿತಿರಬೇಕು ಎಂದು ವಿವರಿಸುವ ಪತ್ರವೂ ಬೇಕು, ಏಕೆಂದರೆ ಪಾಂಚರಾತ್ರಕ್ಕೂ ಶೈವಾಗಮಕ್ಕೂ ಇರುವ ವ್ಯತ್ಯಾಸ ಅಲ್ಲಿನ ಅಧಿಕಾರಿಗೆ ತಿಳಿದಿರುವುದಿಲ್ಲ. ಕನ್ನಡ, ಸಂಸ್ಕೃತದ ಪ್ರತಿ ಹಾಳೆಗೂ ಇಂಗ್ಲಿಷ್ ಅನುವಾದ, ಜೊತೆಗೆ ಅನುವಾದಕರ ಸಹಿ ಇರುವ ದೃಢೀಕರಣ ಇರಲೇಬೇಕು.

ಮಿನಿಸ್ಟರ್ ಅಲ್ಲದವರ ದಾರಿ ಕಿರಿದು. ಅವರಿಗೆ ವರ್ಷಕ್ಕೆ 5,000 ವೀಸಾಗಳ ಮಿತಿ ಇದೆ, ಆ ಯೋಜನೆಯೂ ಅಮೆರಿಕದ ಸಂಸತ್ತು ಆಗಾಗ ಅವಧಿ ವಿಸ್ತರಿಸಿದರಷ್ಟೇ ಉಳಿಯುತ್ತದೆ. ಕಚೇರಿ ಗುಮಾಸ್ತರು, ಸ್ವಚ್ಛತಾ ಸಿಬ್ಬಂದಿ, ದೇಣಿಗೆ ಎತ್ತುವವರು ಇದರಲ್ಲೂ ಬರುವುದಿಲ್ಲ. ನೈವೇದ್ಯ ಮಾಡುವ ಅಡುಗೆಯವರಾದರೆ ಆ ಕೆಲಸ ಪೂಜಾವಿಧಿಯ ಅಂಗ ಎಂದು ದೇವಸ್ಥಾನವೇ ಸಾಬೀತುಪಡಿಸಬೇಕು.

ಅಲ್ಲಿನ ದೇವಸ್ಥಾನದವರು ಕೊಡಬೇಕಾದದ್ದು 501(ಸಿ)(3) ತೆರಿಗೆ ವಿನಾಯಿತಿ ಪತ್ರ, ಸಂಬಳ ಕೊಡುವ ಶಕ್ತಿ ತೋರಿಸುವ ಬಜೆಟ್ ಅಥವಾ ಲೆಕ್ಕಪತ್ರ, ಐ-360ರೊಳಗಿನ ಉದ್ಯೋಗದಾತರ ಘೋಷಣೆ. ವಾರಕ್ಕೆ ಸರಾಸರಿ 35 ಗಂಟೆಯ ಕೆಲಸ ಇರಬೇಕು. ಬದುಕಲು ನೀವು ಬೇರೆ ಕೆಲಸವನ್ನಾಗಲಿ ಜನರಿಂದ ಎತ್ತುವ ಹಣವನ್ನಾಗಲಿ ನೆಚ್ಚಿಕೊಳ್ಳಬೇಕಾಗಿಲ್ಲ ಎಂದೂ ಅವರು ಅಲ್ಲಿ ಸಹಿ ಹಾಕುತ್ತಾರೆ. ಆದ್ದರಿಂದ 'ಸಂಬಳ ಕಮ್ಮಿ, ದಕ್ಷಿಣೆ ಜಾಸ್ತಿ' ಎಂಬ ಒಪ್ಪಂದಕ್ಕೆ ತಲೆಯಾಡಿಸಬೇಡಿ. ಅಧಿಕಾರಿಗಳು ದೇವಸ್ಥಾನಕ್ಕೇ ಬಂದು ಅರ್ಚಕರು ಎಷ್ಟು ಜನ, ಪೂಜೆಯ ವೇಳೆ ಯಾವುದು, ನಿಮ್ಮ ವಾಸ ಎಲ್ಲಿ ಎಂದು ತಪಾಸಣೆ ಮಾಡಬಹುದು. ಅರ್ಜಿಯಲ್ಲಿ ಬರೆದದ್ದಕ್ಕೂ ಅಲ್ಲಿ ಕಂಡದ್ದಕ್ಕೂ ತಾಳೆಯಾಗದಿದ್ದರೆ ಅರ್ಜಿ ಉಳಿಯುವುದು ಕಷ್ಟ.

ಐ-360 ಮಂಜೂರಾದರೂ ವೀಸಾ ತಕ್ಷಣ ಸಿಗುವುದಿಲ್ಲ. ಅರ್ಜಿ ಹಾಕಿದ ದಿನವೇ ನಿಮ್ಮ ಸರದಿಯ ದಿನಾಂಕ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್ ಎಂಬ ಸರದಿ ಪಟ್ಟಿಯಲ್ಲಿ ಆ ದಿನಾಂಕದ ಸರದಿ ಬರುವವರೆಗೆ ಕಾಯಬೇಕು. ಇತ್ತೀಚೆಗೆ ಈ ವರ್ಗದಲ್ಲಿ ವರ್ಷಗಟ್ಟಲೆ ಬಾಕಿ ಬೆಳೆದಿದೆ. ಅದಕ್ಕೇ ಬಹಳಷ್ಟು ದೇವಸ್ಥಾನಗಳು ಮೊದಲು ಆರ್-1 ತಾತ್ಕಾಲಿಕ ವೀಸಾದಲ್ಲಿ ಕರೆಸಿಕೊಳ್ಳುತ್ತವೆ. ಅದರ ಗರಿಷ್ಠ ಅವಧಿ 5 ವರ್ಷವಾದ್ದರಿಂದ ಐ-360 ಹಾಕುವುದನ್ನು ಕೊನೆಯ ವರ್ಷಕ್ಕೆ ಉಳಿಸಿಕೊಳ್ಳಬೇಡಿ. ನನ್ನ ಮಟ್ಟಿಗೆ ಎರಡು ವರ್ಷದ ಅನುಭವ ಕೈಗೆ ಬಂದ ದಿನವೇ ಅದಕ್ಕೆ ಸರಿಯಾದ ದಿನ.

ಊರಿನಿಂದಲೇ ಹೊರಡುವವರಾದರೆ ಸರದಿ ಬಂದ ಮೇಲೆ ಡಿಎಸ್-260 ಫಾರಂ (ವಲಸೆ ವೀಸಾದ ಅರ್ಜಿ), ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ, ಸಾಮಾನ್ಯವಾಗಿ ಮುಂಬೈನಲ್ಲಿ ಸಂದರ್ಶನ. ಹೆಂಡತಿ ಹಾಗೂ 21 ತುಂಬದ ಅವಿವಾಹಿತ ಮಕ್ಕಳಿಗೂ ಇದರಲ್ಲೇ ವೀಸಾ ಸಿಗುತ್ತದೆ. ಜನನ ನೋಂದಣಿ ಆಗಿಲ್ಲದಿದ್ದರೆ ನೋಂದಣಾಧಿಕಾರಿಯಿಂದ ಅಲಭ್ಯತೆಯ ಪ್ರಮಾಣಪತ್ರವನ್ನೂ ಹಿರಿಯರ ಅಫಿಡವಿಟ್‌ಗಳನ್ನೂ ಈಗಲೇ ಮಾಡಿಸಿಡಿ. ಹೆಸರಿನ ಇನಿಷಿಯಲ್ ಎಲ್ಲ ಕಾಗದದಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ ಎಂದು ನೋಡಿಕೊಳ್ಳಿ.