ಬೀರು ಆಮೇಲೆ ಕೊಳ್ಳಿ, ಮೊದಲು ದಾಖಲೆ ಪುಸ್ತಕ

ನೀವು ಕೇಳಿದ್ದು ಇಷ್ಟು: ತಾಲ್ಲೂಕಿನಲ್ಲಿ ಹದಿನೈದು ಜನ ಆಸಕ್ತರು ಸೇರಿದ್ದೀರಿ. ಸುತ್ತಲಿನ ವೀರಗಲ್ಲು, ಹಳೆಯ ಫೋಟೊ, ಶಾನುಭೋಗರ ಮನೆಗಳ ಕಡತ ಉಳಿಸಬೇಕು. ಸಂಘ ನೋಂದಾಯಿಸಿ, ಮುಚ್ಚಿರುವ ಶಾಲೆಯ ಕೋಣೆಯೊಂದನ್ನು ಕೇಳಿ ಪಡೆದು ಮ್ಯೂಸಿಯಂ ಮಾಡುವ ಯೋಚನೆ. ಎಲ್ಲಿಂದ ಶುರು ಮಾಡುವುದು, ಕೆಲಸ ಹೇಗೆ ಹಂಚುವುದು ಎಂದು.

ಮ್ಯೂಸಿಯಂ ಮಾತನ್ನು ಮೂರು ವರ್ಷವಾದರೂ ಪಕ್ಕಕ್ಕಿಡಿ. ಕೋಣೆ ಸಿಕ್ಕಿತು ಅಂದ ಕೂಡಲೇ ಜನ ಒನಕೆ, ಬೀಸುವ ಕಲ್ಲು, ಕಂಚಿನ ಚೊಂಬು, ಅಜ್ಜನ ಪೇಟ ಎಲ್ಲ ತಂದು ಸುರಿಯುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಯಾವುದು ಯಾರದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ಕೋಣೆಯ ಬೀಗದ ಕೈ ಒಬ್ಬರ ಹತ್ತಿರ, ಅವರಿಗೆ ಬೇರೆ ಊರಿಗೆ ವರ್ಗ. ಅದಕ್ಕೆ ಸೂತ್ರ ಒಂದೇ ಇಟ್ಟುಕೊಳ್ಳಿ: ವಸ್ತು ಅವರವರ ಮನೆಯಲ್ಲೇ ಇರಲಿ, ಅದರ ಪ್ರತಿ ಮತ್ತು ವಿವರ ಸಂಘದಲ್ಲಿರಲಿ. ಫೋಟೊ, ಕಾಗದಪತ್ರ ಸ್ಕ್ಯಾನ್ ಮಾಡಿ ಅದೇ ದಿನ ವಾಪಸ್ ಕೊಟ್ಟರೆ ಮುಂದಿನ ಮನೆಯವರು ತಾವಾಗಿಯೇ ಕರೆಯುತ್ತಾರೆ.

ಇದಕ್ಕೆ ಕಾನೂನಿನ ಕಾರಣವೂ ಇದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ನಾಣ್ಯ, ಶಾಸನ ಎಲ್ಲ ಪುರಾವಸ್ತುಗಳೇ. ಮಹತ್ವದ ಹಸ್ತಪ್ರತಿಗೆ 75 ವರ್ಷ ಸಾಕು. ಕಲ್ಲು, ಲೋಹ, ಮರದ ಶಿಲ್ಪಗಳು, ಚಿತ್ರವಿರುವ ಹಸ್ತಪ್ರತಿಗಳಂಥವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ನೆಲ ಅಗೆಯುವಾಗ ಸಿಕ್ಕಿದ ನಾಣ್ಯ, ವಿಗ್ರಹಗಳದ್ದು ಇನ್ನೊಂದು ದಾರಿ. ಅದು ನಿಧಿ ಕಾಯ್ದೆಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಯಾರಾದರೂ ಹೊಲದಲ್ಲಿ ಸಿಕ್ಕ ಮೂರ್ತಿ ತಂದು ನಿಮ್ಮ ಕೋಣೆಯಲ್ಲಿಟ್ಟರೆ ಮೊದಲು ಪೊಲೀಸರಿಗೆ ಉತ್ತರ ಹೇಳಬೇಕಾದವರು ನೀವು.

ನೋಂದಣಿ ಕಷ್ಟದ್ದಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಕನಿಷ್ಠ 7 ಜನ ವಯಸ್ಕರು ಬೇಕು, ಸಂಘದ ಉದ್ದೇಶ ಹೇಳುವ ಜ್ಞಾಪನಾ ಪತ್ರ ಮತ್ತು ನಿಯಮಗಳ ಬೈಲಾ ಕೊಟ್ಟು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಯಲ್ಲಿ ಮಾಡಿಸುವುದು. ಎಡವುವುದು ಆಮೇಲೆ. ಪ್ರತಿ ವರ್ಷ ಸರ್ವಸದಸ್ಯರ ಸಭೆಯಾದ 14 ದಿನದೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ಲೆಕ್ಕಪತ್ರದೊಂದಿಗೆ ಸಲ್ಲಿಸಬೇಕು. ಇದನ್ನು ನಾಲ್ಕು ವರ್ಷ ಮರೆತು, ಅನುದಾನಕ್ಕೆ ಅರ್ಜಿ ಹಾಕುವ ಹೊತ್ತಿಗೆ ನೆನಪಾಗಿ ದಂಡ ಕಟ್ಟಲು ಓಡುವ ಸಂಘಗಳೇ ಜಾಸ್ತಿ. ಬೈಲಾ ಬರೆಯುವಾಗ ವಿಸರ್ಜನೆಯ ಕಲಮನ್ನು ಬೇರೆ ಸಂಘದ್ದರಿಂದ ನಕಲು ಹೊಡೆಯಬೇಡಿ. ಸಂಘ ಮುಚ್ಚಿದರೆ ಸಂಗ್ರಹ ಯಾವ ಗ್ರಂಥಾಲಯಕ್ಕೆ, ಯಾವ ಕಾಲೇಜಿಗೆ ಹೋಗಬೇಕು ಎಂದು ಮೊದಲೇ ಆ ಸಂಸ್ಥೆಯನ್ನು ಕೇಳಿ, ಹೆಸರು ಹಾಕಿಯೇ ಬರೆಯಿರಿ.

ಹದಿನೈದು ಜನರಲ್ಲಿ ನಿಜವಾಗಿ ಕೈಹಾಕುವವರು ನಾಲ್ಕೈದು ಮಂದಿ. ಅಷ್ಟು ಸಾಕು. ಅಧ್ಯಕ್ಷರು ಊರಿನಲ್ಲಿ ಮಾತು ನಡೆಯುವವರಾಗಿರಲಿ, ಬಾಗಿಲು ತೆರೆಸುವುದಷ್ಟೇ ಅವರ ಕೆಲಸ. ಕಾರ್ಯದರ್ಶಿ, ಖಜಾಂಚಿ ಹೇಗೂ ಇರುತ್ತಾರೆ. ಇವರಿಗಿಂತ ಮುಖ್ಯ ದಾಖಲೆಪಾಲಕ, ಅಂದರೆ ಬಂದದ್ದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆದಿಡುವವರು. ಈ ಹುದ್ದೆಯನ್ನು ಬೈಲಾದಲ್ಲೇ ಸೇರಿಸಿ, ಜೊತೆಗೊಬ್ಬ ಸಹಾಯಕರನ್ನೂ ಹಾಕಿ. ಇಬ್ಬರಿಗೂ ಪುಸ್ತಕ ಎಲ್ಲಿದೆ, ಸಂಖ್ಯೆ ಹೇಗೆ ಕೊಡುವುದು ಅಂತ ಗೊತ್ತಿರಬೇಕು. ಕ್ಷೇತ್ರ ಕೆಲಸಕ್ಕೆ ಹೋಬಳಿಗೊಬ್ಬರು. ಬ್ಯಾಂಕ್ ಖಾತೆಗೆ ಮೂವರಲ್ಲಿ ಇಬ್ಬರ ಸಹಿ. ಇಮೇಲ್, ಆನ್‌ಲೈನ್ ಸಂಗ್ರಹದ ಖಾತೆ ಸಂಘದ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಬರೆದ ಮುಚ್ಚಿದ ಲಕೋಟೆ ಖಜಾಂಚಿ ಹತ್ತಿರ. ತಿಂಗಳಿಗೆ ಎರಡು ಭಾನುವಾರ ಸೇರಿ, ಒಂದು ಮಾತಿಗೆ, ಒಂದು ಕೆಲಸಕ್ಕೆ. ಬರೀ ಮಾತಿಗೆ ಸೇರುವ ಸಂಘದಲ್ಲಿ ಆರನೇ ತಿಂಗಳಿಗೆ ಶಾಲು ಹೊದಿಸುವ ಕಾರ್ಯಕ್ರಮ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ.

ಈಗ ಆ ಪುಸ್ತಕದ ವಿಷಯ. ಗಟ್ಟಿ ರಟ್ಟಿನ ಲೆಡ್ಜರ್ ತಂದು ಮೊದಲ ದಿನವೇ ಎಲ್ಲ ಪುಟಕ್ಕೂ ಸಂಖ್ಯೆ ಹಾಕಿ. ಕಾಲಂಗಳು: ಸಂಖ್ಯೆ, ಬಂದ ದಿನ, ಕೊಟ್ಟವರು, ಏನು, ಅಳತೆ, ಸ್ಥಿತಿ, ದಾನವೋ ಎರವಲೋ ಪ್ರತಿಯೋ, ಈಗ ಎಲ್ಲಿದೆ, ಸಹಿ. ಸಂಖ್ಯೆಗೆ ಸರಳ ಕ್ರಮ ಸಾಕು. 2025-7-3 ಅಂದರೆ 2025ರಲ್ಲಿ ಏಳನೆಯ ಮನೆಯಿಂದ ಬಂದ ಮೂರನೆಯ ವಸ್ತು. ಫೋಟೊ, ಕಡತ ಅಂತ ಬೇರೆ ಬೇರೆ ಸರಣಿ ಮಾಡಿದರೆ ಎರಡೇ ವರ್ಷಕ್ಕೆ ಗೋಜಲು. ಮೂಲವನ್ನೇ ಕೊಡುತ್ತೇವೆ ಎಂದವರಿಂದ ದಾನಪತ್ರಕ್ಕೆ ಸಹಿ ಹಾಕಿಸಿ. ‘ಇಟ್ಕೊಂಡಿರಿ’ ಅಂದದ್ದು ದಾನವಲ್ಲ. ಹತ್ತು ವರ್ಷದ ಮೇಲೆ ಮೊಮ್ಮಗ ಬಂದು ‘ನಮ್ಮ ತಾತನ ಕಡತ ಎಲ್ಲಿ’ ಎಂದರೆ ತೋರಿಸಲು ಕಾಗದ ಬೇಕು.

ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತು ಮುಂದಕ್ಕೆ ಮೂಡುತ್ತದೆ. 2ಬಿ ಪೆನ್ಸಿಲ್ಲಿನಲ್ಲಿ ಅಂಚಿಗೆ ಹಗುರಾಗಿ ಸಂಖ್ಯೆ ಮಾತ್ರ ಸಾಕು. ನುಣುಪು ಹಿಂಬದಿಯ ಫೋಟೊಗೆ ಪೆನ್ಸಿಲ್ ಹತ್ತುವುದಿಲ್ಲ. ಅದನ್ನು ಲಕೋಟೆಗೆ ಹಾಕಿ, ಹಾಕುವ ಮುಂಚೆಯೇ ಲಕೋಟೆಯ ಮೇಲೆ ಬರೆಯಿರಿ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಮತ್ತೆ ಬಿಡಿಸಲಾಗದು. ಗುಂಪು ಫೋಟೊದಲ್ಲಿರುವವರನ್ನು ಇಬ್ಬರು ಹಿರಿಯರಿಂದ ಬೇರೆ ಬೇರೆ ಹೊತ್ತಿನಲ್ಲಿ ಗುರುತು ಹಿಡಿಸಿ. ಒಟ್ಟಿಗೆ ಕೂರಿಸಿದರೆ ಜೋರು ದನಿಯವರು ಹೇಳಿದ್ದೇ ಹೆಸರಾಗುತ್ತದೆ.

ಸ್ಕ್ಯಾನಿಂಗ್‌ಗೆ ಫೋಟೊ ಆದರೆ ಇಂಚಿಗೆ 600 ಬಿಂದು, ಕಾಗದಪತ್ರಕ್ಕೆ 300ರಿಂದ 400. ಮೂಲಪ್ರತಿ ಟಿಫ್‌ನಲ್ಲಿ (ಗುಣಮಟ್ಟ ಕುಗ್ಗದ ದೊಡ್ಡ ಫೈಲ್), ಹಂಚಲು ಜೆಪೆಗ್ (ಚಿಕ್ಕ ಫೈಲ್). 4×6 ಇಂಚಿನ ಬಣ್ಣದ ಫೋಟೊ 600ರಲ್ಲಿ ಸುಮಾರು 26 ಎಂಬಿ ಆಗುತ್ತದೆ, 500 ಫೋಟೊಗೆ 13 ಜಿಬಿ. ಮೂರು ಪ್ರತಿ ಇರಲಿ: ಎರಡು ಹಾರ್ಡ್ ಡಿಸ್ಕ್, ಒಂದು ಆನ್‌ಲೈನ್. ಎರಡೂ ಡಿಸ್ಕ್ ಒಂದೇ ಮನೆಯಲ್ಲಿ ಬೇಡ. ಸದಸ್ಯರು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇನ್ನೊಂದು ನಮ್ಮದೇ ತಲೆನೋವು ಫಾಂಟು. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಅಸಂಬದ್ಧ ಇಂಗ್ಲಿಷ್ ಅಕ್ಷರ. ಹುಡುಕಿದರೂ ಸಿಗುವುದಿಲ್ಲ. ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಮಾಡಿ, ಕಂಪ್ಯೂಟರಿನ ಫೈಲ್‌ಗಳಿಗೆ ದಾಖಲೆ ಸಂಖ್ಯೆಯನ್ನೇ ಹೆಸರಾಗಿ ಕೊಡಿ.

ಹಳೆಯ ಬಟ್ಟೆಯ ಕಡತ ಸಿಕ್ಕರೆ ಒಂದು ಎಚ್ಚರಿಕೆ. ಅದು ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಬಳಪದಲ್ಲಿ ಬರೆದದ್ದು. ಸ್ಲೇಟಿನ ಹಾಗೆಯೇ, ಒದ್ದೆ ಬಟ್ಟೆ ತಾಗಿದರೆ ಅಕ್ಷರ ಹೋಯಿತು. ಧೂಳು ಹೊಡೆಯಲು ಬೆರಳಿನಲ್ಲಿ ಸವರುವುದೂ ಬೇಡ. ಮಡಿಕೆಗಳನ್ನು ನಿಧಾನವಾಗಿ ಬಿಡಿಸಿ, ಬದಿಯ ಬೆಳಕಿನಲ್ಲಿ ಫೋಟೊ ತೆಗೆದು, ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿಡಿ. ಗಟ್ಟಿಯಾಗಿ ಅಂಟಿಕೊಂಡಿದ್ದರೆ ಎಳೆಯದೆ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ತೋರಿಸಿ.

ಕಲ್ಲುಗಳ ಸಮೀಕ್ಷೆಗೆ ಹೊರಡುವ ಮುಂಚೆ ಓದಿನ ಕೆಲಸ ಇದೆ. ಹಳೆಯ ಮೈಸೂರು ಸೀಮೆಯವರಾದರೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಪಟ್ಟಿ ತೆಗೆಯಿರಿ. ತುಮಕೂರು ಜಿಲ್ಲೆಯದು 12ನೆಯ ಸಂಪುಟ, 1904ರದ್ದು. ಬೆಂಗಳೂರಿನದು 9ನೆಯದು, 1905. ಅಲ್ಲಿ ಶಾಸನಗಳು ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯಲ್ಲಿವೆ, ಆದರೆ ಅದು ಆಗಿನ ತಾಲ್ಲೂಕು, ಈಗಿನದಲ್ಲ. ಪಕ್ಕದ ತಾಲ್ಲೂಕುಗಳನ್ನೂ ನೋಡಿ. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಆಮೇಲೆ ಸಿಕ್ಕವು ಇವೆ. ಉತ್ತರ ಕರ್ನಾಟಕದವರಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು. ಇಷ್ಟು ನೋಡದೆ ‘ಅಪರೂಪದ ಶಾಸನ ಪತ್ತೆ’ ಎಂದು ಪತ್ರಿಕೆಗೆ ಕೊಟ್ಟರೆ ನೂರು ವರ್ಷದ ಹಿಂದೆ ಅಚ್ಚಾದದ್ದನ್ನೇ ಮತ್ತೆ ಪತ್ತೆ ಮಾಡಿದಂತೆ. ಪ್ರತಿ ವರ್ಷ ಇಂಥ ಸುದ್ದಿ ಕಾಣುತ್ತೇವೆ. ಪಟ್ಟಿಯಲ್ಲಿರುವ ಕಲ್ಲು ಈಗಲೂ ಅಲ್ಲೇ ಇದೆಯೇ, ಒಡೆದಿದೆಯೇ, ರಸ್ತೆಯ ಅಡಿ ಹೋಯಿತೇ ಎಂದು ನೋಡಿ ಬರೆಯುವುದು ಹೊಸ ಪತ್ತೆಗಿಂತ ಬೆಲೆಯುಳ್ಳ ಕೆಲಸ, ಅದನ್ನು ಮಾಡುವವರೇ ಕಡಿಮೆ.

ಫೋಟೊಗೆ ಒಂದು ಕಲ್ಲಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮೆದು ಬ್ರಷ್‌ನಿಂದ ಒಣ ಧೂಳು ತೆಗೆಯುವುದಷ್ಟೇ ನಿಮ್ಮ ಹಕ್ಕು. ತಂತಿ ಬ್ರಷ್, ಆಸಿಡ್ ಮುಟ್ಟಿಸಬೇಡಿ. ಅಕ್ಷರ ಕಾಣಲಿ ಅಂತ ಸುಣ್ಣ, ಹಿಟ್ಟು, ಬಣ್ಣ ತುಂಬಬೇಡಿ. ಹಾಗೆ ತುಂಬಿದವರು ತಪ್ಪಾಗಿ ಓದಿದ ಅಕ್ಷರವೇ ಮುಂದಿನವರಿಗೂ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಕಾಣದ ಕಲ್ಲು ಸಂಜೆ ಕತ್ತಲಾದ ಮೇಲೆ ಓದಲು ಬರುತ್ತದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗದಂತೆ ಇಟ್ಟು, ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಎಡ, ಬಲ, ಮೇಲೆ, ಕೆಳಗಿನಿಂದ ಹಿಡಿದು ನಾಲ್ಕು ಚಿತ್ರ ತೆಗೆಯಿರಿ. ಪಕ್ಕದಲ್ಲಿ 30 ಸೆಂ.ಮೀ. ಅಳತೆ ಪಟ್ಟಿ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗಪೂಜೆ. ಬರಹ ಇದ್ದರೆ ಬಹುತೇಕ ಈ ಅಂಕಣಗಳ ನಡುವಿನ ಪಟ್ಟಿಗಳಲ್ಲಿ, ಆದ್ದರಿಂದ ಪ್ರತಿ ಪಟ್ಟಿಯನ್ನೂ ಬಿಡಿಯಾಗಿ ತೆಗೆಯಿರಿ. ಕೆಳಗಿನ ಅಂಕಣ ಮಣ್ಣಿನಲ್ಲಿ ಹೂತಿದ್ದರೆ ಅಗೆಯಬೇಡಿ, ರಾಜ್ಯ ಪುರಾತತ್ವ ಇಲಾಖೆಗೆ ಅರ್ಜಿ ಹಾಕಿ. ಶಕ ವರ್ಷ ಸಿಕ್ಕರೆ ಕ್ರಿಸ್ತಶಕದ ಇಸವಿ ತಿಳಿಯಲು 78 ಕೂಡಿಸಿ, ಪುಷ್ಯದ ಕೊನೆ, ಮಾಘ, ಫಾಲ್ಗುಣವಾದರೆ 79. ಜೊತೆಗಿರುವ ಸಂವತ್ಸರದ ಹೆಸರು ಹೊಂದುತ್ತದೆಯೇ ನೋಡಿ, ಹೊಂದದಿದ್ದರೆ ಅಂಕಿ ಓದಿದ್ದು ತಪ್ಪಾಗಿರಬಹುದು.

ಊರಾಚೆ, ಹಾಳುಗುಡಿ ಬಳಿ ಇರುವ ಕಲ್ಲುಗಳ ಜಿಪಿಎಸ್ ಗುರುತನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ನಿಧಿಗಳ್ಳರು ಅದನ್ನು ನಮಗಿಂತ ಶ್ರದ್ಧೆಯಿಂದ ಓದುತ್ತಾರೆ. ನಿಖರ ಜಾಗ ದಾಖಲೆ ಪುಸ್ತಕದಲ್ಲಿರಲಿ, ಹೊರಗೆ ಊರಿನ ಹೆಸರು ಸಾಕು.

ಹಿರಿಯರ ಮಾತು ಧ್ವನಿಮುದ್ರಿಸುವುದಾದರೆ ಒಂದು ಸಲಕ್ಕೆ ಮುಕ್ಕಾಲು ಗಂಟೆ ಮೀರಬೇಡಿ, ಮೊದಲೇ ಒಪ್ಪಿಗೆಪತ್ರ. ‘ಯಾವ ಇಸವಿ’ ಅಂದರೆ ಅಂದಾಜು ಉತ್ತರ ಬರುತ್ತದೆ. ‘ನಿಮ್ಮ ಮದುವೆಗೆ ಮುಂಚೆಯೋ ಆಮೇಲೆಯೋ, ಊರಿಗೆ ಕರೆಂಟ್ ಬಂದಿತ್ತೇ’ ಎಂದು ಕೇಳಿ. ಒಂದು ಗಂಟೆಯ ಮಾತು ಬರಹಕ್ಕಿಳಿಯಲು ಐದಾರು ಗಂಟೆ ಬೇಕು, ಬರೆಯುವವರು ಸಿಗುವಷ್ಟೇ ಮುದ್ರಿಸಿ.

ಖರ್ಚು ಮೊದಲ ವರ್ಷ ದೊಡ್ಡದಿರುವುದಿಲ್ಲ. ಸದಸ್ಯರು 40ಕ್ಕೇರಿ, ತಲಾ 300 ರೂಪಾಯಿ ಕೊಟ್ಟರೆ 12,000. ಒಂದು ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಎರವಲು ಸಿಕ್ಕರೆ, ಆ ಹಣದಲ್ಲಿ ಡಿಸ್ಕ್‌ಗಳು, ಲೆಡ್ಜರ್, ಲಕೋಟೆ, ಒಂದು ಕಬ್ಬಿಣದ ಟ್ರಂಕು ಆಗುತ್ತವೆ. ಟ್ರಂಕನ್ನು ಇಟ್ಟಿಗೆ ಇಟ್ಟು ನೆಲದಿಂದ ಅರ್ಧ ಅಡಿ ಎತ್ತರಿಸಿ, ಗೋಡೆಯಿಂದ ಗೇಣು ದೂರ. ಗೆದ್ದಲು ಬರುವುದು ನೆಲ, ಗೋಡೆಯ ದಾರಿಯಲ್ಲೇ.

ಕೊನೆಗೆ ಜಗಳದ ಎರಡು ಮೂಲಗಳು. ಇನಾಮು ಜಮೀನಿನ ಕಾಗದ ತಂದು ‘ಇದನ್ನು ಓದಿ ಬರೆದುಕೊಡಿ’ ಎನ್ನುವವರು ಬರುತ್ತಾರೆ, ಅವರ ಹಿಂದೆ ಕೋರ್ಟು ಕೇಸು ಇರುತ್ತದೆ. ಸಂಘದ ಲೆಟರ್‌ಹೆಡ್‌ನಲ್ಲಿ ಯಾವ ಪ್ರಮಾಣಪತ್ರವನ್ನೂ ಕೊಡುವುದಿಲ್ಲ ಎಂದು ಮೊದಲ ಸಭೆಯಲ್ಲೇ ನಿರ್ಣಯ ಬರೆಯಿರಿ. ಇನ್ನೊಂದು, ವೀರಗಲ್ಲಿನ ವೀರ ನಮ್ಮ ಜಾತಿಯವನು ಎಂಬ ವಾದ. ಕಲ್ಲಿನಲ್ಲಿ ಬರೆದಿದ್ದರೆ ಹಾಗೆಯೇ ಬರೆಯಿರಿ. ಇಲ್ಲದಿದ್ದರೆ ‘ಸ್ಥಳೀಯರ ಹೇಳಿಕೆ’ ಎಂಬ ಕಾಲಂನಲ್ಲಿ, ಹೇಳಿದವರ ಹೆಸರಿನ ಜೊತೆ.

ಬೈಲಾ ಕರಡು ಆದಮೇಲೆ ಇಲ್ಲಿ ಹಾಕಿ. ವಿಸರ್ಜನೆಯ ಕಲಮು ಮತ್ತು ದಾನಪತ್ರದ ಒಕ್ಕಣೆ ಎರಡನ್ನೂ ತಿದ್ದಿ ಕೊಡಬಹುದು.