ವರದಾ ನದಿಯಲ್ಲಿ ಸಿಕ್ಕ ಮೀಸೆಮೀನು ಹೊಸ ಪ್ರಭೇದವೇ?

ಹಾವೇರಿ ಬಳಿ ವರದಾ ನದಿಯಲ್ಲಿ ಗಾಳಕ್ಕೆ ಸಿಕ್ಕ ಮೀಸೆಮೀನು ಮೊಬೈಲಿನಲ್ಲಿ ಹುಡುಕಿದ ಯಾವ ಚಿತ್ರಕ್ಕೂ ಹೊಂದುತ್ತಿಲ್ಲ, ಹೊಸ ಪ್ರಭೇದವಾಗಿದ್ದರೆ ನನ್ನ ಹೆಸರನ್ನೇ ಇಡಬಹುದೇ ಎಂದು ಕೇಳಿದ್ದೀರಿ.

ಹೊಸದಾಗಿರಬಹುದು, ಅವಸರ ಮಾತ್ರ ಬೇಡ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಈಗ ಗದಗ ಕಡೆ ಪಾಠ ಹೇಳುವ ನನಗೆ ಮಳೆಗಾಲ ಬಂತೆಂದರೆ ಇಂಥ ಚಿತ್ರಗಳು ಬರುತ್ತಲೇ ಇರುತ್ತವೆ. ಹೆಚ್ಚಿನವು ಪರದೇಶದ ಮೀನುಗಳು. ಒಂದು ಆಫ್ರಿಕಾದ ಕ್ಯಾಟ್‌ಫಿಶ್. 2000ರಲ್ಲೇ ಅದರ ಸಾಕಣೆಗೆ ನಿಷೇಧ ಬಂದರೂ ಹೊಂಡಗಳಲ್ಲಿ ಹಾಯಾಗಿದೆ. ಇನ್ನೊಂದು ಅಕ್ವೇರಿಯಂ ಗಾಜಿಗೆ ಅಂಟಿಕೊಳ್ಳುವ, ಮೈಯೆಲ್ಲ ಎಲುಬಿನ ಫಲಕಗಳಿರುವ ದಕ್ಷಿಣ ಅಮೆರಿಕದ ಮೀನು. ಸಾಕಿ ಬೇಸತ್ತವರು ಹೊಳೆಗೆ ಬಿಡುತ್ತಾರೆ, ಮರುವಾರ ‘ವಿಚಿತ್ರ ಮೀನು ಪತ್ತೆ’ ಎಂದು ಸುದ್ದಿಯಾಗುತ್ತದೆ.

ನಿಮ್ಮದು ಇವೆರಡೂ ಅಲ್ಲ. ನಾಲ್ಕು ಜೊತೆ ಮೀಸೆ, ಬೆನ್ನಿನ ಹಿಂಭಾಗದಲ್ಲಿ ಮೆತ್ತನೆಯ ಕೊಬ್ಬಿನ ರೆಕ್ಕೆ, ಹಿಡಿದಾಗ ಕಿರ್ ಕಿರ್ ಸದ್ದು ಎಂದಿದ್ದೀರಿ. ಅದು ಗಿರ್ಲು, ಅಂದರೆ ಮಿಸ್ಟಸ್ ಕುಲದ್ದು. ಎದೆಯ ಮುಳ್ಳನ್ನು ಅದರ ಕೀಲಿನಲ್ಲಿ ಉಜ್ಜಿ ಆ ಸದ್ದು ಮಾಡುತ್ತದೆ. ತೊಂದರೆ ಇರುವುದೇ ಇಲ್ಲಿ. ಈ ಕುಲದ ಮೀನುಗಳು ನೋಡಲು ಒಡಹುಟ್ಟಿದವರಂತಿರುತ್ತವೆ, ಬಣ್ಣ ನಂಬಿದವರು ಕೆಟ್ಟರು. ಮೇಲ್ದವಡೆಯ ಮೀಸೆ ಬಾಲದ ಬುಡ ಮುಟ್ಟುತ್ತದೆಯೇ, ಕೊಬ್ಬಿನ ರೆಕ್ಕೆ ಮುಂದಿನ ರೆಕ್ಕೆಗೆ ತಾಗಿಯೇ ಶುರುವಾಗುತ್ತದೆಯೇ ಅಥವಾ ನಡುವೆ ಜಾಗವಿದೆಯೇ, ಎದೆಮುಳ್ಳಿನ ಹಿಂಬದಿಯಲ್ಲಿ ಗರಗಸದ ಹಲ್ಲುಗಳೆಷ್ಟು ಎಂದು ಭೂತಗನ್ನಡಿ ಹಿಡಿದು ನೋಡಬೇಕು. ಬೆನ್ನೆಲುಬಿನ ಮಣಿಗಳ ಲೆಕ್ಕಕ್ಕೆ ಎಕ್ಸ್‌ರೇ ಬೇಕು.

ಇಷ್ಟಾದರೂ ‘ಹೊಸದು’ ಎನ್ನುವಂತಿಲ್ಲ. 1839ರಲ್ಲಿ ಕರ್ನಲ್ ಸೈಕ್ಸ್ ದಖ್ಖನಿನ ಮೀನುಗಳನ್ನು ವಿವರಿಸುವಾಗ ಒಂದು ಗಿರ್ಲಿಗೆ ಸೀಂಗ್ಟಿ ಎಂದು ಹೆಸರಿಟ್ಟ. ನಂತರದವರು ಅದನ್ನು 1822ರಲ್ಲಿ ಹ್ಯಾಮಿಲ್ಟನ್ ವಿವರಿಸಿದ್ದ ಗಂಗೆಯ ಕವೇಸಿಯಸ್ ಜೊತೆ ಸೇರಿಸಿಬಿಟ್ಟರು. ಎರಡೂ ಬೇರೆ ಎಂದು ತೋರಿಸಿ ಸೈಕ್ಸ್‌ನ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಿದ್ದು 2005ರಲ್ಲಿ. ಈಗಿನ ಪಟ್ಟಿಯ ಜೊತೆಗೆ ಹೀಗೆ ಮೂಲೆಗುಂಪಾದ ಹಳೆಯ ಹೆಸರುಗಳಿಗೂ ನಿಮ್ಮ ಮೀನು ಹೊಂದಬಾರದು. ಸಂಶೋಧಕರ ಬಹುಪಾಲು ಸಮಯ ಹೋಗುವುದು ಈ ಹಳೆಯ ಕಡತಗಳಲ್ಲಿ. ಡಿಎನ್‌ಎ ನೆರವಾಗುತ್ತದೆ, ಆದರೆ ಹಳೆಯ ಪ್ರಭೇದ ಮೊದಲು ಸಿಕ್ಕ ಜಾಗದ ಮೀನಿನೊಂದಿಗೇ ಹೋಲಿಸಬೇಕು.

ಸಿಕ್ಕ ಜಾಗ ಹೇಳುವಾಗ ತಾಲ್ಲೂಕಿಗಿಂತ ಹಳ್ಳದ ಹೆಸರು ಮುಖ್ಯ. ವರದೆ ಗಳಗನಾಥದಲ್ಲಿ ತುಂಗಭದ್ರೆ ಸೇರಿ ಕೃಷ್ಣೆಯ ಪಾಲಾಗುತ್ತದೆ. ಬೆಣ್ಣೆಹಳ್ಳದ ನೀರೂ ಮಲಪ್ರಭೆಯ ಮೂಲಕ ಕೃಷ್ಣೆಗೇ. ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆ ಮಾತ್ರ ಪಡುವಣ ಕಡಲಿನ ದಾರಿ ಹಿಡಿಯುತ್ತದೆ. ನಡುವಿನ ದಿನ್ನೆಯನ್ನು ಗಿರ್ಲು ದಾಟಲಾರದು (ಒದ್ದೆ ನೆಲದಲ್ಲಿ ತೆವಳುವ ಮುರುಗೋಡಿನ ಮಾತು ಬೇರೆ). ಹೀಗೆ ಬೇರ್ಪಟ್ಟ ನೀರುಗಳಲ್ಲೇ ಬೇರೆ ಬೇರೆ ಪ್ರಭೇದಗಳು ರೂಪುಗೊಳ್ಳುವುದು.

ಮೀನನ್ನು ಸಾರು ಮಾಡಿದ್ದರೆ ಕಥೆ ಮುಗಿಯಿತು, ಚಿತ್ರವೊಂದೇ ಸಾಲದು. ಮತ್ತೆ ಸಿಕ್ಕರೆ ಬಣ್ಣ ಮಾಸುವ ಮುನ್ನ ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಮಂಜುಗಡ್ಡೆಯಲ್ಲಿಟ್ಟು ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಒಯ್ಯಿರಿ. ಫಾರ್ಮಾಲಿನ್ ಗೋಜಿಗೆ ನೀವು ಹೋಗಬೇಡಿ. ಅದು ಡಿಎನ್‌ಎಯನ್ನು ಕೆಡಿಸುತ್ತದೆ, ಮೊದಲು ರೆಕ್ಕೆಯ ಚೂರನ್ನು ಶುದ್ಧ ಆಲ್ಕೋಹಾಲಿನಲ್ಲಿ ತೆಗೆದಿಡಬೇಕು. ಗಂಡು, ಹೆಣ್ಣು, ಮರಿ ಎಲ್ಲ ಸೇರಿ ಹಲವು ಮೀನುಗಳಿದ್ದರೆ ಒಳ್ಳೆಯದು. ಹೊಸದೆಂದು ಖಚಿತವಾದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು.

ಹೆಸರಿಡುವ ಹಕ್ಕು ವಿವರಣೆ ಬರೆದು ಪ್ರಕಟಿಸಿದವರದು. ತಮ್ಮದೇ ಹೆಸರಿಡಲು ನಿಯಮದ ಅಡ್ಡಿಯಿಲ್ಲ, ಆದರೆ ಕ್ಷೇತ್ರದವರು ನಗುತ್ತಾರೆ. ಮೀನು ತಂದುಕೊಟ್ಟವರ ಹೆಸರನ್ನು ಲೇಖಕರು ಇಡುವುದುಂಟು. ಕೇರಳದಲ್ಲಿ ಬಾವಿ ನೀರಿನಲ್ಲಿ ಬಂದ ಕುರುಡು ಮೀನುಗಳನ್ನು ಊರವರೇ ಸಂಶೋಧಕರಿಗೆ ತಲುಪಿಸಿದ್ದರು, 2023ರಲ್ಲಿ ಅದರಲ್ಲೊಂದು ಪ್ರಭೇದಕ್ಕೆ ಅವರ ಗೌರವಾರ್ಥವೇ ಹೆಸರಾಯಿತು. ಆದ್ದರಿಂದ ವಿಭಾಗಕ್ಕೆ ಹೋದಾಗ ಹಿಡಿದವರ ಹೆಸರು, ದಿನಾಂಕ, ಜಾಗ ಮೂರನ್ನೂ ಚೀಟಿಯಲ್ಲಿ ಬರೆದು ಮೀನಿನ ಜೊತೆಗೇ ಕೊಡಿ.